ಡೂಲಾಗೆ ಎಷ್ಟು ಕೊಡಬೇಕು ಎನ್ನುವ ಮೊದಲು

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅತ್ತೆಯವರಿಗೆ 81 ವರ್ಷ, ಕ್ಯಾನ್ಸರ್ ಕೊನೆಯ ಹಂತದಲ್ಲಿದೆ. ನಾನೂ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗಬೇಕು. ಕೊನೆಗಾಲದ ಡೌಲಾ ಒಬ್ಬರನ್ನು ಗೊತ್ತು ಮಾಡಿದರೆ ಎಷ್ಟು ಖರ್ಚಾಗುತ್ತದೆ? ಮೆಡಿಕೇರ್ ಕೊಡುತ್ತದೆಯೇ?

ಉತ್ತರ: ಇದೇ ಪ್ರಶ್ನೆಗೆ ಯುಗಾದಿ ಊಟದ ಸಾಲಿನಲ್ಲಿ ಒಮ್ಮೆ, ದೇವಸ್ಥಾನದಲ್ಲಿ ಚಪ್ಪಲಿ ಹುಡುಕುತ್ತಾ ಎರಡು ಸಲ ಉತ್ತರಿಸಿದ್ದೇನೆ. ಈ ಬಾರಿ ಬರೆದೇ ಇಡುತ್ತೇನೆ, ಮುಂದೆ ಕೇಳುವವರಿಗೆ ಇದನ್ನೇ ತೋರಿಸಬಹುದು.

ಅದು ಡೌಲಾ ಅಲ್ಲ, ಡೂಲಾ. ಹಳೆಯ ಗ್ರೀಕಿನಲ್ಲಿ ದಾಸಿ ಎಂದು ಅರ್ಥ. ಹೆರಿಗೆಯಲ್ಲಿ ಜೊತೆಗಿರುವವರಿಗೆ ಇದ್ದ ಹೆಸರು ಈಗ ಸಾವಿನಲ್ಲಿ ಜೊತೆಗಿರುವವರಿಗೂ ಬಂದಿದೆ. ಗಂಟೆಯ ಲೆಕ್ಕದಲ್ಲಿ ಸುಮಾರು 25ರಿಂದ 100 ಡಾಲರ್ ಕೇಳುತ್ತಾರೆ. ಒಟ್ಟು ಮೊತ್ತಕ್ಕೆ ಒಪ್ಪಿಕೊಳ್ಳುವವರು 500 ಡಾಲರಿನಿಂದ ಹಿಡಿದು ಕೆಲವು ಸಾವಿರದವರೆಗೆ ಹೇಳುತ್ತಾರೆ. ನಿಮ್ಮ ಶಕ್ತಿ ನೋಡಿ ಕಡಿಮೆ ಮಾಡುವವರೂ ಇದ್ದಾರೆ, ಸಂಕೋಚಪಡದೆ ಕೇಳಿ. ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗಿರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ, ಒಂದು ಸೆಂಟನ್ನೂ ಕೊಡುವುದಿಲ್ಲ. ಈ ಕೆಲಸಕ್ಕೆ ಸರ್ಕಾರಿ ಪರವಾನಗಿ ಇಲ್ಲ. ತರಬೇತಿ ಸಂಸ್ಥೆಗಳು ಪ್ರಮಾಣಪತ್ರ ಕೊಡುತ್ತವೆ, ಆದರೆ ಅದಿಲ್ಲದೆಯೂ ಯಾರು ಬೇಕಾದರೂ ಡೂಲಾ ಎಂದು ಹೇಳಿಕೊಳ್ಳಬಹುದು. ಹಾಗಾಗಿ ನಿಗದಿತ ದರವೂ ಇಲ್ಲ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ‘ಇಬ್ಬರೂ ಕೆಲಸಕ್ಕೆ ಹೋಗಬೇಕು’ ಎಂದು ನಡುವೆ ಬರೆದಿದ್ದೀರಲ್ಲ, ನನಗೆ ಚಿಂತೆ ಹತ್ತಿದ್ದು ಅಲ್ಲಿ. ಡೂಲಾ ಬಂದರೆ ಹಗಲೆಲ್ಲ ಅತ್ತೆಯವರನ್ನು ನೋಡಿಕೊಳ್ಳುತ್ತಾರೆ ಎಂದು ನೀವು ಎಣಿಸಿದ್ದೀರಿ. ಡೂಲಾ ನರ್ಸ್ ಅಲ್ಲ. ದಯವಿಟ್ಟು ಇದನ್ನು ಇನ್ನೊಮ್ಮೆ ಓದಿಕೊಳ್ಳಿ. ಅವರು ಮಾರ್ಫಿನ್ ಹನಿ ಹಾಕುವುದಿಲ್ಲ, ಮಾತ್ರೆ ಕೊಡುವುದಿಲ್ಲ, ಹಾಸಿಗೆ ಹುಣ್ಣಿಗೆ ಪಟ್ಟಿ ಕಟ್ಟುವುದಿಲ್ಲ, ಆಮ್ಲಜನಕದ ಯಂತ್ರದ ಗುಂಡಿ ತಿರುಗಿಸುವುದಿಲ್ಲ. ಸ್ನಾನ ಮಾಡಿಸುವುದು, ಡಯಾಪರ್ ಬದಲಿಸುವುದು ಅವರ ಕೆಲಸವಲ್ಲ. ಒಬ್ಬಿಬ್ಬರು ಕೈ ಹಾಕಿದರೆ ಅದು ಅವರ ಸೌಜನ್ಯ.

ಈ ತಪ್ಪು ಕಲ್ಪನೆ ಎಷ್ಟು ಗಟ್ಟಿ ಎಂದರೆ, ನನಗೆ ಗೊತ್ತಿರುವ ಒಂದು ಮನೆಯಲ್ಲಿ ಡೂಲಾ ಬಂದ ಮೊದಲ ದಿನವೇ ಅವರ ಕೈಗೆ ಔಷಧಿಯ ಡಬ್ಬ ಕೊಟ್ಟು ಮಗ ಕಚೇರಿಗೆ ಹೊರಟಿದ್ದ. ಆಕೆ ಬಾಗಿಲಲ್ಲೇ ನಿಲ್ಲಿಸಿ ಡಬ್ಬ ವಾಪಸು ಕೊಟ್ಟರು. ‘ಇಷ್ಟು ದುಡ್ಡು ತೆಗೆದುಕೊಂಡು ಒಂದು ಮಾತ್ರೆ ಕೊಡಲಾರರೇ’ ಎಂದು ಆತ ನನಗೆ ಫೋನಿನಲ್ಲಿ ಕೂಗಾಡಿದ. ತಪ್ಪು ಆಕೆಯದಲ್ಲ, ಆತನದೂ ಪೂರ್ತಿ ಅಲ್ಲ. ನಮ್ಮ ಭಾಷೆಯಲ್ಲಿ ‘ನೋಡಿಕೊಳ್ಳುವುದು’ ಎಂಬ ಒಂದೇ ಮಾತಿನೊಳಗೆ ಎಲ್ಲವೂ ಸೇರಿದೆ: ಮೈ ಒರೆಸುವುದು, ಗಂಜಿ ಕುಡಿಸುವುದು, ಮಾತ್ರೆ ನುಂಗಿಸುವುದು, ಸುಮ್ಮನೆ ಕೈ ಹಿಡಿದು ಕೂರುವುದು. ಊರಿನಲ್ಲಿ ಇಷ್ಟನ್ನೂ ಒಬ್ಬ ಸೊಸೆಯೋ ಒಬ್ಬ ಚಿಕ್ಕಮ್ಮನೋ ಮಾಡುತ್ತಿದ್ದರು, ಅದಕ್ಕೇ ನಮಗೆ ಅದು ಒಂದೇ ಕೆಲಸವಾಗಿ ಕಾಣುತ್ತದೆ. ಅಮೆರಿಕದಲ್ಲಿ ಆ ಒಂದು ಮಾತು ಮೂರಾಗಿ ಒಡೆದಿದೆ. ಮಾತ್ರೆಗೆ ನರ್ಸ್, ಮೈ ತೊಳೆಯಲು ಹೋಮ್ ಏಡ್, ಕೈ ಹಿಡಿಯಲು ಡೂಲಾ. ಬಿಲ್ಲೂ ಮೂರು. ನಿಮಗೆ ಹಗಲಿಗೆ ಬೇಕಾಗಿರುವುದು ಹೋಮ್ ಏಡ್. ಗಂಟೆಗೆ 30 ಡಾಲರಿಗೂ ಹೆಚ್ಚು ಬೀಳುತ್ತದೆ, ದಿನಕ್ಕೆ ಎಂಟು ಗಂಟೆ ಎಂದರೆ ಲೆಕ್ಕ ನೀವೇ ಹಾಕಿ. ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ನರ್ಸ್ ಬರುವುದು ಹಾಸ್ಪಿಸ್ ಮೂಲಕ, ಅಂದರೆ ರೋಗ ವಾಸಿಮಾಡಲು ಹೋಗದೆ ಕೊನೆಗಾಲದ ನೋವು ಕಡಿಮೆ ಮಾಡುವ ಆರೈಕೆ. ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಬದುಕುವ ಸಂಭವ ಎಂದು ಇಬ್ಬರು ವೈದ್ಯರು ಬರೆದುಕೊಟ್ಟರೆ ಮೆಡಿಕೇರ್ ‘ಭಾಗ ಎ’ (ಆಸ್ಪತ್ರೆ ವೆಚ್ಚದ ಭಾಗ) ಅದರ ವೆಚ್ಚ ಭರಿಸುತ್ತದೆ. ಮಂಚ, ಆಮ್ಲಜನಕ, ನೋವಿನ ಔಷಧಿ, ನರ್ಸ್ ಭೇಟಿ, ವಾರಕ್ಕೆ ಕೆಲವು ಸಲ ಸ್ನಾನ ಮಾಡಿಸುವ ಏಡ್, ಎಲ್ಲವೂ ಅದರಲ್ಲಿ ಬರುತ್ತದೆ. ನೋವಿನ ಔಷಧಿಗೆ ನೀವು ಕೊಡುವುದು ಒಂದು ಚೀಟಿಗೆ ಹೆಚ್ಚೆಂದರೆ 5 ಡಾಲರ್. ದಿನವಿಡೀ ಮನೆಯಲ್ಲಿ ಕೂರುವ ಜನ ಮಾತ್ರ ಅದರಲ್ಲಿಲ್ಲ. ಹಾಸ್ಪಿಸ್ ಎಂದರೆ ನಾಳೆಯೇ ಸಾವು ಎಂದು ಹೆದರುವವರಿಗೆ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರನ್ನು ನೆನಪಿಸುತ್ತೇನೆ: 2023ರ ಫೆಬ್ರವರಿಯಲ್ಲಿ ಹಾಸ್ಪಿಸ್ ಆರೈಕೆಗೆ ಸೇರಿದವರು 2024ರ ಡಿಸೆಂಬರ್ 29ರವರೆಗೆ ಬದುಕಿದ್ದರು.

ನಮ್ಮವರು ಎಡವುವ ಇನ್ನೊಂದು ಜಾಗ ಇದೆ. ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದು ಬಂದ ತಂದೆತಾಯಿ ಇಲ್ಲಿ ದುಡಿದಿರುವುದಿಲ್ಲ. 65 ದಾಟಿ, ಇಲ್ಲಿ ಸತತ ಐದು ವರ್ಷ ನೆಲೆಸಿದ ಮೇಲೆ ಮೆಡಿಕೇರ್ ಕೊಳ್ಳಬಹುದು. ಆದರೆ ‘ಭಾಗ ಎ’ಗೆ 2025ರಲ್ಲಿ ತಿಂಗಳಿಗೆ 518 ಡಾಲರ್ ಇದ್ದುದರಿಂದ ಎಷ್ಟೋ ಮನೆಗಳಲ್ಲಿ 185 ಡಾಲರಿನ ‘ಭಾಗ ಬಿ’ (ವೈದ್ಯರ ಭೇಟಿಯ ವೆಚ್ಚದ ಭಾಗ) ಮಾತ್ರ ತೆಗೆದುಕೊಂಡಿರುತ್ತಾರೆ. ಹಾಸ್ಪಿಸ್ ಇರುವುದು ಎ ಭಾಗದಲ್ಲಿ. ಅತ್ತೆಯವರ ಕಾರ್ಡನ್ನು ಇಂದೇ ತೆಗೆದು ನೋಡಿ. ಅವರು ಸಂದರ್ಶಕ ವೀಸಾದಲ್ಲಿ ಬಂದಿದ್ದರೆ ಮೆಡಿಕೇರ್ ಮಾತೇ ಇಲ್ಲ.

ಹಾಗಾದರೆ ಡೂಲಾ ದಂಡವೇ? ಅಲ್ಲ. ಕೊನೆಯ ದಿನಗಳಲ್ಲಿ ಉಸಿರು ಅರ್ಧ ನಿಮಿಷ ನಿಂತು ಮತ್ತೆ ಶುರುವಾಗುತ್ತದೆ, ಗಂಟಲಿನಲ್ಲಿ ಗೊರಗೊರ ಸದ್ದಾಗುತ್ತದೆ, ಕಾಲು ತಣ್ಣಗಾಗುತ್ತದೆ. ಇದು ಹೀಗೆಯೇ ಆಗುವುದು, ಗಾಬರಿ ಬೇಡ ಎಂದು ಹೇಳಲು ನಡುರಾತ್ರಿ ಪಕ್ಕದಲ್ಲಿ ಒಬ್ಬರಿದ್ದರೆ ಅದರ ಬೆಲೆ ಆಗ ತಿಳಿಯುತ್ತದೆ. ಒಂದು ಮನೆಯಲ್ಲಿ ಡೂಲಾ ಎರಡು ಮಧ್ಯಾಹ್ನ ಕುಳಿತು ಅಜ್ಜಿಯ ಹುಳಿಪುಡಿಯ ಅಳತೆಯನ್ನು ಬರೆದುಕೊಂಡರು. ಕನ್ನಡ ಬಾರದ ಹೆಂಗಸು, ಇಂಗ್ಲಿಷ್ ಬಾರದ ಅಜ್ಜಿ, ನಡುವೆ ಮೊಮ್ಮಗಳು. ‘ಹುಳಿಪುಡಿಗೆ 200 ಡಾಲರೇ?’ ಎಂದ ಮಗಳು ಈಗ ಆ ಹಾಳೆಗೆ ಕಟ್ಟು ಹಾಕಿಸಿ ಅಡುಗೆಮನೆಯಲ್ಲಿಟ್ಟಿದ್ದಾಳೆ.

ದುಡ್ಡಿಲ್ಲದಿದ್ದರೆ ಹಾಸ್ಪಿಸ್‌ನವರನ್ನೇ ಸ್ವಯಂಸೇವಕರಿಗಾಗಿ ಕೇಳಿ. ಆರೈಕೆಯ ಒಟ್ಟು ಗಂಟೆಗಳಲ್ಲಿ ಶೇ 5ಕ್ಕೆ ಸಮನಾದಷ್ಟು ಸೇವೆ ಸ್ವಯಂಸೇವಕರಿಂದ ಬರಬೇಕೆಂದು ಮೆಡಿಕೇರ್ ನಿಯಮವೇ ಇದೆ. ಪಕ್ಕದಲ್ಲಿ ಕೂರಲು ಅವರು ಬರುತ್ತಾರೆ, ಬಿಡಿಗಾಸು ಕೇಳುವುದಿಲ್ಲ.

ನೀವು ಕೇಳದೇ ಇರುವ ಪ್ರಶ್ನೆಯೊಂದಿದೆ, ಅದನ್ನು ನಾನೇ ಕೇಳಿಕೊಳ್ಳುತ್ತೇನೆ: ಉಸಿರು ನಿಂತ ಮೇಲೆ ಯಾರಿಗೆ ಫೋನ್ ಮಾಡುತ್ತೀರಿ? ಗಾಬರಿಯಲ್ಲಿ ಬೆರಳು ತಾನಾಗಿಯೇ ತುರ್ತು ಸಂಖ್ಯೆ 911 ಒತ್ತುತ್ತದೆ. ಒತ್ತಿದರೆ ತುರ್ತು ಸಿಬ್ಬಂದಿ ಬಂದು ಎದೆ ಒತ್ತಲು ಶುರುಮಾಡಬಹುದು, ಬೇಡವೆಂದು ತೋರಿಸಲು ಸಹಿಯಾದ ಕಾಗದ ಬೇಕು. ನ್ಯೂಜೆರ್ಸಿಯಲ್ಲಿ ಅದರ ಹೆಸರು ಪೋಲ್ಸ್ಟ್. ಅತ್ತೆಯವರಿಗೆ ಪ್ರಜ್ಞೆ ಇರುವಾಗಲೇ ಅವರನ್ನು ಕೇಳಿ, ವೈದ್ಯರ ಜೊತೆ ಕುಳಿತು ಮಾಡಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹಾಸ್ಪಿಸ್‌ನಲ್ಲಿದ್ದರೆ 911 ಬೇಡ, ಅವರ ಸಂಖ್ಯೆಗೇ ಫೋನ್ ಮಾಡಿ. ನರ್ಸ್ ಬಂದು ಸಾವನ್ನು ದೃಢಪಡಿಸುತ್ತಾರೆ. ಗಂಗಾಜಲ, ತುಳಸಿ, ಅಣ್ಣ ಬರುವವರೆಗೆ ದೇಹ ಒಯ್ಯಬಾರದು, ಇಂಥವೆಲ್ಲ ಇದ್ದರೆ ನರ್ಸಿಗೂ ಅಂತ್ಯಕ್ರಿಯೆಯ ಸಂಸ್ಥೆಗೂ ಮೊದಲೇ ಹೇಳಿಡಿ. ಹಾಸ್ಪಿಸ್ ಸಂಖ್ಯೆಯ ಕೆಳಗೆ ಪುರೋಹಿತರ ಸಂಖ್ಯೆಯನ್ನೂ ಬರೆಯಿರಿ. ರಾತ್ರಿ ಎರಡು ಗಂಟೆಗೆ ಅವರು ಫೋನ್ ಎತ್ತುತ್ತಾರೆಯೇ ಎಂದು ಈಗಲೇ ಕೇಳಿಕೊಂಡರೆ ಒಳ್ಳೆಯದು.