ಪಿಂಚಣಿ ನಿಂತರೆ ಮೇಲ್ಮನವಿ ಎಲ್ಲಿಗೆ?

ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನವನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ತಂದದ್ದು 1995ರ ಆಗಸ್ಟ್ 15ರಂದು. 2007ರಲ್ಲಿ ಕರ್ನಾಟಕ 65 ದಾಟಿದ ಸಣ್ಣ ರೈತರು, ಕೂಲಿಗಳು, ನೇಕಾರರು, ಮೀನುಗಾರರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಯೋಜನೆ ಆರಂಭಿಸಿತು. ಆಗ ತಿಂಗಳಿಗೆ 400 ರೂಪಾಯಿ, ಮುಂದೆ 1,200. ಮನಿ ಆರ್ಡರ್ ಹಿಡಿದು ಬರುತ್ತಿದ್ದ ಅಂಚೆಯಣ್ಣನ ಜಾಗಕ್ಕೆ ಬ್ಯಾಂಕ್ ಖಾತೆ ಬಂತು, ಆಮೇಲೆ ಆಧಾರ್.

ಅರ್ಜಿದಾರರಿಗೆ ಕೇಳುವ ಹಕ್ಕು ಸಿಕ್ಕಿದ್ದು ಸರ್ಕಾರಿ ಸೇವೆಗಳಿಗೆ ಗಡುವು ಹಾಕಿದ ‘ಸಕಾಲ’ದಿಂದ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯವಿಡೀ ಜಾರಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೈಗೆ ಬರಬೇಕು. ಪಿಂಚಣಿಗೆ ಗಡುವು 45 ದಿನ. ಅಷ್ಟರೊಳಗೆ ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಸ್ಥಳ ಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ, ತಾಲ್ಲೂಕು ಕಚೇರಿಯ ಆದೇಶ ಎಲ್ಲವೂ ಮುಗಿಯಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ತಿರಸ್ಕಾರವಾದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ ಎರಡನೆಯದು.

ಓದಲು ಚೆಂದ. ಆದರೆ ಗಡಿಯಾರ ಅಳೆಯುವುದು ವೇಗವನ್ನು ಮಾತ್ರ. 44ನೇ ದಿನ ಒಂದೇ ಸಾಲಿನಲ್ಲಿ ‘ಅರ್ಹರಲ್ಲ’ ಎಂದು ಬರೆದರೂ ಅದು ಸಕಾಲದಲ್ಲಿ ವಿಲೇವಾರಿಯಾದ ಅರ್ಜಿಯೇ. ಕಾರಣವೇ ಇಲ್ಲದ ಆದೇಶಕ್ಕೆ ಮೇಲ್ಮನವಿಯಲ್ಲಿ ಏನೆಂದು ಉತ್ತರ ಬರೆಯುವುದು? ಹೆಚ್ಚಿನ ತಕರಾರು ವಯಸ್ಸಿನದು. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಆಧಾರ್‌ನಲ್ಲಿ ಜನವರಿ 1 ಬಿದ್ದಿರುತ್ತದೆ, ಮತದಾರರ ಚೀಟಿಯಲ್ಲಿ ಬೇರೆಯೇ ವರ್ಷ.

2022ರಲ್ಲಿ ಕಂದಾಯ ಇಲಾಖೆಯ ಸಹಾಯವಾಣಿ 155245ಕ್ಕೆ ಕರೆ ಮಾಡಿದರೆ 72 ಗಂಟೆಯೊಳಗೆ ಪಿಂಚಣಿ ಮಂಜೂರು ಎಂಬ ವ್ಯವಸ್ಥೆಯೂ ಬಂತು. ಒಳಹೋಗುವ ಬಾಗಿಲು ಹೀಗೆ ಅಗಲವಾಗುತ್ತಲೇ ಬಂದಿದೆ. ಈಗಿನ ಗೋಳು ಮಂಜೂರಾದ ಮೇಲಿನದು: ಬರುತ್ತಿದ್ದ ಹಣ ಒಂದು ತಿಂಗಳು ಸುಮ್ಮನೆ ನಿಲ್ಲುತ್ತದೆ. ಸಕಾಲ ಸಂಖ್ಯೆ ಹುಟ್ಟುವುದು ಅರ್ಜಿಗೆ, ನಿಂತುಹೋದ ಹಣಕ್ಕಲ್ಲ. ಆದೇಶವೇ ಕೈಗೆ ಬರದಿದ್ದರೆ ಮೇಲ್ಮನವಿಯ ದಿನ ಎಣಿಸುವುದಾದರೂ ಎಲ್ಲಿಂದ?

ಹಾಗಾಗಿ ಮೊದಲು ನೋಡಬೇಕಾದ್ದು ಹಣ ಬೇರೆಡೆ ಹೋಗಿದೆಯೇ ಎಂದು. ಆಧಾರ್ ಮೂಲಕ ಕಳಿಸಿದ ಹಣ ಕೊನೆಗೆ ಜೋಡಿಸಿದ ಖಾತೆಗೆ ಬೀಳುತ್ತದೆ; ಇನ್ನೊಂದು ಯೋಜನೆಗೆಂದು ತೆರೆದ ಹೊಸ ಖಾತೆಯಲ್ಲಿ ಪಿಂಚಣಿ ಕೂತಿರುವುದುಂಟು. ಸರ್ಕಾರ ನೇರವಾಗಿ ಖಾತೆಗೆ ಹಾಕಿದ ಹಣದ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಇದು ಕಾಣುತ್ತದೆ. ಅಲ್ಲೂ ಇಲ್ಲದಿದ್ದರೆ ಮಂಜೂರಾತಿ ಆದೇಶದ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕದ ಮುದ್ರೆ ಒತ್ತಿಸಿಕೊಳ್ಳಬೇಕು. ಅಧಿಕಾರಿಗಳು ಪಿಂಚಣಿ ದೂರುಗಳನ್ನು ನೇರವಾಗಿ ಕೇಳುವ ಪಿಂಚಣಿ ಅದಾಲತ್‌ಗೂ ಅದೇ ಕಾಗದ ಸಾಕು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ, 30 ದಿನದ ಗಡುವು. ಬಾಧಿತರಿಗೆ ತೀರ್ಮಾನದ ಕಾರಣ ತಿಳಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಡಿ) ಹೇಳುತ್ತದೆ. ನಿಲ್ಲಿಸಿದ ಆದೇಶದ ಪ್ರತಿಯನ್ನೇ ಕೇಳಿದರೆ, ಮೇಲ್ಮನವಿಗೆ ಬೇಕಾದ ಕಾಗದ ಆ ದಾರಿಯಲ್ಲಾದರೂ ಸಿಗುತ್ತದೆ.