‘ಸೆಟ್’ ಪದಕ್ಕೆ 430 ಅರ್ಥ ಅಂತ ಎಣಿಸಿದವರು ಯಾರು?

ಕ್ವಿಜ್ ಸ್ಪರ್ಧೆಗಳಲ್ಲಿ ಬಹಳ ವರ್ಷ ಓಡಿದ ಪ್ರಶ್ನೆ ಒಂದಿದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಯಾವುದು? ಉತ್ತರ ‘ಸೆಟ್’. ಅರ್ಥಗಳ ಲೆಕ್ಕ 430. ಈ ಉತ್ತರ ಈಗ ಹಳತಾಗಿದೆ. ಆದರೂ ಆ 430 ಎಲ್ಲಿಂದ ಬಂತು, ಯಾರು ಎಣಿಸಿದರು, ಎಣಿಸಿದ್ದಾದರೂ ಏನನ್ನು ಅನ್ನುವುದು ಉತ್ತರಕ್ಕಿಂತ ಸ್ವಾರಸ್ಯದ ವಿಷಯ.

ಲೆಕ್ಕದ ಮೂಲ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಇಂಥದೊಂದು ನಿಘಂಟು ಬೇಕು ಅನ್ನುವ ಮಾತು ಶುರುವಾದದ್ದು 1857ರಲ್ಲಿ, ಲಂಡನ್ನಿನ ಫಿಲಾಲಾಜಿಕಲ್ ಸೊಸೈಟಿ ಅನ್ನುವ ಭಾಷಾ ಅಧ್ಯಯನದ ಸಂಘದಲ್ಲಿ. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು. 14ನೇ ವಯಸ್ಸಿಗೇ ಶಾಲೆ ಬಿಟ್ಟಿದ್ದ ಮನುಷ್ಯ ಅವರು. ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಅಷ್ಟು ಹೊತ್ತಿಗೆ ಮರ್ರೆ ತೀರಿಕೊಂಡು 13 ವರ್ಷ ಆಗಿತ್ತು.

ಕೆಲಸ ನಡೆದದ್ದು ಚೀಟಿಗಳ ಮೇಲೆ. ಓದುವ ಹವ್ಯಾಸ ಇದ್ದವರು ಹಳೆಯ, ಹೊಸ ಪುಸ್ತಕಗಳನ್ನು ಓದುತ್ತಾ, ಒಂದು ಪದ ಬಳಕೆಯಾದ ವಾಕ್ಯವನ್ನು ಚೀಟಿಯಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ಸಂಬಳ ಇಲ್ಲ, ಸುಮ್ನೆ ಆಸಕ್ತಿಯಿಂದ. ಹೀಗೆ ಸೇರಿದ ಚೀಟಿಗಳು ಸುಮಾರು 50 ಲಕ್ಷ. ಸಂಪಾದಕರು ಒಂದೊಂದು ಪದದ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ, ಒಂದೇ ಅರ್ಥದವನ್ನು ಒಂದು ಗುಡ್ಡೆ ಮಾಡುತ್ತಿದ್ದರು. ಎಷ್ಟು ಗುಡ್ಡೆಯೋ ಅಷ್ಟು ಅರ್ಥ.

‘ಸೆಟ್’ ಬಂದದ್ದು ಹೆನ್ರಿ ಬ್ರಾಡ್ಲಿ ಪಾಲಿಗೆ. ಬ್ರಾಡ್ಲಿ ಶೆಫೀಲ್ಡ್‌ನಲ್ಲಿ ಚಾಕು ಚೂರಿ ಮಾರುವ ಕಂಪನಿಯೊಂದರಲ್ಲಿ ವರ್ಷಗಟ್ಟಲೆ ಗುಮಾಸ್ತರಾಗಿದ್ದವರು. ಭಾಷೆಗಳನ್ನು ತಾವಾಗಿಯೇ ಕಲಿತವರು. ನಿಘಂಟಿನ ಮೊದಲ ಕಂತಿಗೆ ಅವರು ಬರೆದ ವಿಮರ್ಶೆ ಎಷ್ಟು ಚೆನ್ನಾಗಿತ್ತೆಂದರೆ, ಮರ್ರೆ ಅವರನ್ನೇ ಕೆಲಸಕ್ಕೆ ಕರೆದುಕೊಂಡರು. ತಪ್ಪು ಹುಡುಕಿದವನ ಕೈಗೇ ಕೆಲಸ ಕೊಡುವುದು ಆಗಲೂ ಇತ್ತು ಅನ್ನಿ. ‘ಸೆಟ್’ ಕ್ರಿಯಾಪದವನ್ನು ಅವರು 154 ಮುಖ್ಯ ವಿಭಾಗಗಳಾಗಿ ಮಾಡಿದರು. ಕೊನೆಯ ವಿಭಾಗ ‘ಸೆಟ್ ಅಪ್’. ಅದರ ಒಳಗಿನ ತುಂಡುಗಳಿಗೆ ಎ, ಬಿ, ಸಿ ಅಂತ ಅಕ್ಷರ ಕೊಡುತ್ತಾ ಹೋದರೆ ಝಡ್ ಮುಗಿದರೂ ಅರ್ಥ ಮುಗಿಯಲಿಲ್ಲ. ಮತ್ತೆ ಎಎ, ಬಿಬಿ ಅಂತ ಶುರುಮಾಡಿ ಆರ್‌ಆರ್ ತನಕ ಹೋಗಬೇಕಾಯಿತು. ಒಟ್ಟು 44 ತುಂಡು, ಅದೂ ‘ಸೆಟ್ ಅಪ್’ ಒಂದಕ್ಕೇ.

1989ರಲ್ಲಿ ಎರಡನೇ ಆವೃತ್ತಿ 20 ಸಂಪುಟಗಳಲ್ಲಿ ಬಂತು. ಅದರಲ್ಲೂ ‘ಸೆಟ್’ ನಮೂದೇ ಎಲ್ಲಕ್ಕಿಂತ ಉದ್ದ. 430 ಅರ್ಥ, ವಿವರಣೆಗೆ ಸುಮಾರು 60 ಸಾವಿರ ಪದ. ಗಿನ್ನೆಸ್ ದಾಖಲೆ ಪುಸ್ತಕ ಇದನ್ನು ಎತ್ತಿಕೊಂಡಿತು. ಅಲ್ಲಿಂದ ಕ್ವಿಜ್ ಪುಸ್ತಕಗಳಿಗೆ, ಅಲ್ಲಿಂದ ವಾಟ್ಸಾಪ್‌ಗೆ.

ಪಟ್ಟ ಹೋದದ್ದು ಮಾತ್ರ ಒಂದು ಕಚೇರಿ ನಿರ್ಧಾರದಿಂದ. 2000ದಲ್ಲಿ ನಿಘಂಟಿನ ಪರಿಷ್ಕರಣೆಯ ಫಲ ಹೊರಬರಲು ಶುರುವಾದಾಗ ಅದು ‘ಎ’ಯಿಂದಲ್ಲ, ‘ಎಂ’ನಿಂದ ಶುರುವಾಯಿತು. ಹಳೆಯ ಆವೃತ್ತಿಯ ಮೊದಲ ಅಕ್ಷರಗಳಲ್ಲಿ ಸಂಪಾದಕರ ಕೈ ಇನ್ನೂ ಕುದುರಿರಲಿಲ್ಲ. ನಡುವಿನ ಹೊತ್ತಿಗೆ ಒಂದು ಹದ ಸಿಕ್ಕಿತ್ತು. ಹಾಗಾಗಿ ಹದ ಇರುವ ಕಡೆಯಿಂದ ಹೊರಟರು. ಪರಿಣಾಮ, ‘ಮೇಕ್’ ಮೊದಲು ಉಬ್ಬಿತು, ಆಮೇಲೆ ‘ಪುಟ್’, 2011ರಲ್ಲಿ ‘ರನ್’. ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಅನ್ನುವ ಸಂಪಾದಕರು ಅದರ ಮೇಲೆ ಒಂಬತ್ತು ತಿಂಗಳು ಕೂತಿದ್ದರು. ರೈಲು, ಯಂತ್ರ, ಕಾರ್ಖಾನೆ, ಕಂಪ್ಯೂಟರ್ ಪ್ರೋಗ್ರಾಂ, ಇವೆಲ್ಲ ಇಂಗ್ಲಿಷಿನಲ್ಲಿ ‘ಓಡುತ್ತವೆ’. ಕಳೆದ ಎರಡು ಶತಮಾನದಲ್ಲಿ ಓಡುವ ವಸ್ತುಗಳು ಹೆಚ್ಚಾದವು, ಅರ್ಥಗಳೂ ಹೆಚ್ಚಾದವು. ಆದರೆ ಒಂದು ಮಾತು. ಹೊಸದಾಗಿ ಎಣಿಸಿದ ‘ರನ್’ ಅನ್ನು, ಆಗ ಇನ್ನೂ ಪರಿಷ್ಕರಣೆಗೆ ಸಿಗದ ‘ಸೆಟ್’ ಪಕ್ಕ ನಿಲ್ಲಿಸಿ ಯಾರು ಗೆದ್ದರು ಅನ್ನುವುದು ನ್ಯಾಯದ ಪಂದ್ಯ ಅಲ್ಲ.

ನನಗೆ ಈ ಎಣಿಕೆಯ ಮೇಲೇ ಅನುಮಾನ. ಊಟಕ್ಕೆ ಮೇಜು ಅಣಿ ಮಾಡುವುದೂ ‘ಸೆಟ್’, ಇಲಿಗೆ ಬೋನು ಇಡುವುದೂ ‘ಸೆಟ್’. ಇವು ಒಂದೇ ಗುಡ್ಡೆಯೋ ಎರಡೋ? ಒಬ್ಬ ಸಂಪಾದಕ ಒಂದು ಅನ್ನಬಹುದು, ಇನ್ನೊಬ್ಬ ಎರಡು ಅನ್ನಬಹುದು. ಜೊತೆಗೆ ನೂರಾರು ವರ್ಷ ಹಿಂದೆ ಸತ್ತುಹೋದ ಬಳಕೆಗಳೂ ಈ ನಿಘಂಟಿನಲ್ಲಿ ಎಣಿಕೆಗೆ ಸೇರುತ್ತವೆ. ನಮ್ಮ ‘ಹಾಕು’ವನ್ನೇ ತಗೊಳ್ಳಿ. ಓಟು ಹಾಕು, ಲೆಕ್ಕ ಹಾಕು, ರಂಗೋಲಿ ಹಾಕು, ಬೀಗ ಹಾಕು, ಕಣ್ಣು ಹಾಕು, ಕೈ ಹಾಕು. ಬ್ರಾಡ್ಲಿಯಂಥವರ ಕೈಗೆ ಸಿಕ್ಕರೆ ಇದೂ ಪುಟಗಟ್ಟಲೆ ಬೆಳೆಯುತ್ತದೆ, ಅಲ್ವಾ?

430ರ ಭಯ ಬಿಟ್ಟು ಬುಡಕ್ಕೆ ಹೋದರೆ ‘ಸೆಟ್’ ಕ್ರಿಯಾಪದ ಬಹಳ ಸರಳ. ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು. ‘ಸೆಟ್’ ಅಂದರೆ ಕೂರಿಸು. ಅಷ್ಟೇ. ಹಳೆಯ ಇಂಗ್ಲಿಷಿನಲ್ಲಿ ಇದು ‘ಸೆಟ್ಟನ್’. ‘ರೈಸ್’ ಮತ್ತು ‘ರೇಸ್’, ‘ಲೈ’ ಮತ್ತು ‘ಲೇ’ ಕೂಡ ಇಂಥವೇ ಜೋಡಿಗಳು: ಏಳು, ಏಳಿಸು, ಮಲಗು, ಮಲಗಿಸು. ಇಂಗ್ಲಿಷಿನವರಿಗೆ ಈ ನಂಟು ಈಗ ಮಸುಕಾಗಿದೆ. ನಮಗೆ ‘ಇಸು’ ಇನ್ನೂ ಜೀವಂತ ಇರುವುದರಿಂದ ಬೇಗ ಹೊಳೆಯುತ್ತದೆ.

ಇನ್ನೂ ಮಜಾ ಅಂದರೆ, ಎರಡು ಭಾಷೆಗಳೂ ಈ ಪದವನ್ನು ಎಷ್ಟೋ ಕಡೆ ಒಂದೇ ದಾರಿಯಲ್ಲಿ ನಡೆಸಿವೆ. ಅವರು ಕೋಳಿಯನ್ನು ಮೊಟ್ಟೆಯ ಮೇಲೆ ‘ಸೆಟ್’ ಮಾಡುತ್ತಾರೆ. ನಾವು ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಅವರು ಉಂಗುರಕ್ಕೆ ಕಲ್ಲು ‘ಸೆಟ್’ ಮಾಡುತ್ತಾರೆ. ನಮ್ಮ ಅಕ್ಕಸಾಲಿಗರು ಹರಳು ಕೂರಿಸುತ್ತಾರೆ. ಮುರಿದ ಮೂಳೆಯನ್ನು ಅವರು ‘ಸೆಟ್’ ಮಾಡಿದರೆ ನಾವು ಮೂಳೆ ಕೂರಿಸುತ್ತೇವೆ. ಇಲ್ಲಿ ಯಾರೂ ಯಾರನ್ನೂ ನಕಲು ಮಾಡಿಲ್ಲ. ಕೂರಿಸುವುದು ಅಂದರೆ ಇರಬೇಕಾದ ಜಾಗದಲ್ಲಿ ಅಲುಗಾಡದಂತೆ ಇಡುವುದು ಅನ್ನುವ ಯೋಚನೆ ಇಬ್ಬರಿಗೂ ಬಂದಿದೆ.

ಕನ್ನಡದ ‘ಕೂರು’ವಿಗೂ ಇಂಗ್ಲಿಷಿನ ‘ಸಿಟ್’ಗೂ ರಕ್ತಸಂಬಂಧ ಇಲ್ಲ. ಸಂಸ್ಕೃತಕ್ಕೆ ಇದೆ. ಸಂಸ್ಕೃತದ ‘ಸದ್’ ಧಾತು ಮತ್ತು ‘ಸಿಟ್’ ಒಂದೇ ಬೇರಿನವು. ‘ಸದನ’, ‘ಸಂಸತ್ತು’, ‘ಉಪನಿಷತ್ತು’ ಎಲ್ಲದರಲ್ಲೂ ಕೂರುವ ಕೆಲಸ ಅಡಗಿದೆ. ಸದನದಲ್ಲಿ ಸದಸ್ಯರು ಕೂರುತ್ತಾರೋ ಬಾವಿಗೆ ಇಳಿಯುತ್ತಾರೋ, ಅದು ಬೇರೆ ವಿಷಯ.

ಕೂರಿಸುವುದರಿಂದ ಉಳಿದ ಅರ್ಥಗಳಿಗೆ ಹೋಗುವುದು ಕಷ್ಟವಲ್ಲ. ಇಟ್ಟದ್ದು ಅಲ್ಲೇ ಗಟ್ಟಿಯಾದರೆ ‘ಸೆಟ್’ ಆಯಿತು, ಜೆಲ್ಲಿ ಇರಲಿ ಕಾಂಕ್ರೀಟ್ ಇರಲಿ. ಸೂರ್ಯ ಕೆಳಗೆ ಹೋಗಿ ಕೂತರೆ ‘ಸನ್‌ಸೆಟ್’. ದಿನಾಂಕ, ಬೆಲೆ, ನಿಯಮವನ್ನು ಒಂದು ಕಡೆ ನಿಲ್ಲಿಸಿದರೆ ಅದೂ ‘ಸೆಟ್’. ನಿಜವಾಗಿ ಸಂಖ್ಯೆ ಉಬ್ಬುವುದು ಬಾಲ ಸೇರಿದಾಗ. ‘ಸೆಟ್ ಔಟ್’ ಅಂದರೆ ಹೊರಡು, ‘ಸೆಟ್ ಅಸೈಡ್’ ಅಂದರೆ ತೆಗೆದಿಡು ಅಥವಾ ಕೋರ್ಟಿನಲ್ಲಿ ತೀರ್ಪು ರದ್ದು ಮಾಡು, ‘ಸೆಟ್ ಇನ್’ ಅಂದರೆ ಮಳೆಗಾಲದಂಥದ್ದು ಹಿಡಿದುಕೊಳ್ಳುವುದು. ‘ಸೆಟ್ ಆಫ್’ ಅಂದರೆ ಪ್ರಯಾಣ ಶುರುಮಾಡು, ಪಟಾಕಿ ಸಿಡಿಸು, ಸಾಲಕ್ಕೆ ಸಾಲ ವಜಾ ಮಾಡು. ಪುಟ್ಟ ಬಾಲಂಗೋಚಿಗಳು ಹೀಗೆ ಪದವನ್ನು ಹತ್ತು ದಿಕ್ಕಿಗೆ ಎಳೆಯುತ್ತವೆ. ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಸೋಲುವುದೂ ಇಲ್ಲೇ.

ಈ ತನಕ ಹೇಳಿದ್ದು ಒಂದು ‘ಸೆಟ್’ ಕಥೆ. ಇನ್ನೊಂದಿದೆ. ಆರು ಲೋಟದ ಸೆಟ್, ಪುಸ್ತಕದ ಸೆಟ್ ಅನ್ನುವಾಗಿನ ‘ಸೆಟ್’ ಬಹುಮಟ್ಟಿಗೆ ಬೇರೆ ಮನೆಯದು. ಅದು ಹಳೆಯ ಫ್ರೆಂಚಿನ ‘ಸೆಟ್ಟೆ’, ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟಾ’. ಅರ್ಥ, ಹಿಂಬಾಲಿಸುವವರ ಗುಂಪು. ಪಂಥ ಅನ್ನುವ ಅರ್ಥದ ‘ಸೆಕ್ಟ್’ ಕೂಡ ಅಲ್ಲಿಂದಲೇ. ಇಂಗ್ಲಿಷಿಗೆ ಬಂದ ಮೇಲೆ ಎರಡರ ಉಚ್ಚಾರಣೆ ಒಂದೇ ಆಗಿ, ಅರ್ಥಗಳೂ ಒಂದರೊಳಗೊಂದು ಬೆರೆತವು. ‘ಅಸೆಟ್’ ಒಳಗೂ ‘ಸೆಟ್’ ಕಾಣುತ್ತದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅದು ‘ಸಾಕಷ್ಟು’ ಅನ್ನುವ ಫ್ರೆಂಚ್ ಪದದಿಂದ ಬಂದದ್ದು.

ಎರಡೂ ‘ಸೆಟ್’ ಒಟ್ಟಿಗೆ ನೋಡಬೇಕಾದರೆ ವಾಲಿಬಾಲ್ ಅಂಗಳಕ್ಕೆ ಹೋಗಿ. 25 ಅಂಕದ ಒಂದು ಸುತ್ತು ಒಂದು ಸೆಟ್. ಅದು ಸರಣಿಯ ‘ಸೆಟ್’. ಹೊಡೆಯುವವನಿಗೆ ಅನುಕೂಲವಾಗಿ ಚೆಂಡು ಎತ್ತಿಕೊಡುವುದೂ ಸೆಟ್, ಕೊಡುವವನು ಸೆಟ್ಟರ್. ಅದು ಕೂರಿಸುವ ‘ಸೆಟ್’. ಟೆನಿಸ್‌ನಲ್ಲಿ ಸರಣಿಯ ‘ಸೆಟ್’ ಮಾತ್ರ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾ ಮಹೂ ಆಡಿದ ಐದನೇ ಸೆಟ್ 70-68ಕ್ಕೆ ಮುಗಿಯಿತು. ಪಂದ್ಯ ಮೂರು ದಿನಕ್ಕೆ ಹರಡಿಕೊಂಡಿತ್ತು, ಆಡಿದ್ದು 11 ಗಂಟೆ 5 ನಿಮಿಷ.

ಗಣಿತದವರು ಈ ಪದಕ್ಕೆ ತಡವಾಗಿ ಬಂದರು. ಗಣಿತಜ್ಞ ಗಿಯೋರ್ಗ್ ಕ್ಯಾಂಟರ್ 1874ರಲ್ಲಿ ಗುಂಪುಗಳ ಗಣಿತದ ಬಗ್ಗೆ ಮೊದಲ ದೊಡ್ಡ ಲೇಖನ ಬರೆದರು. ಅವರ ಜರ್ಮನ್ ಪದ ‘ಮೆಂಗೆ’. ಇಂಗ್ಲಿಷಿನಲ್ಲಿ ಕೆಲವರು ‘ಕ್ಲಾಸ್’ ಅಂದರು, ಕೆಲವರು ‘ಅಗ್ರಿಗೇಟ್’ ಅಂದರು. ಕೊನೆಗೆ ನಿಂತದ್ದು ‘ಸೆಟ್’. ಕನ್ನಡ ಪಠ್ಯಪುಸ್ತಕ ಅದನ್ನು ‘ಗಣ’ ಅಂದಿತು: ಉಪಗಣ, ಶೂನ್ಯ ಗಣ. ಒಳ್ಳೆಯ ಆಯ್ಕೆ. ಶಿವಗಣ ಅಂದರೂ ಹಿಂಬಾಲಕರ ಗುಂಪೇ, ‘ಸೆಕ್ಟಾ’ ಅಂದರೂ ಹಿಂಬಾಲಕರ ಗುಂಪೇ. ಬೇಕೆಂದು ಹೊಂದಿಸಿದ್ದೋ ತಾನಾಗಿ ಹೊಂದಿದ್ದೋ, ಚೆನ್ನಾಗಿ ಕೂತಿದೆ.

ಶಾಲೆಯ ಹೊರಗೆ ಕನ್ನಡಿಗರು ‘ಗಣ’ಕ್ಕಾಗಿ ಕಾಯಲಿಲ್ಲ. ‘ಸೆಟ್’ ಅನ್ನೇ ಎತ್ತಿಕೊಂಡರು. ಹೋಟೆಲಿನಲ್ಲಿ ಸೆಟ್ ದೋಸೆ ಬಂತು. ಸಣ್ಣ, ದಪ್ಪ, ಮೆತ್ತನೆಯ ದೋಸೆಗಳು ಒಂದರ ಮೇಲೊಂದು, ಜೊತೆಗೆ ಸಾಗು, ಚಟ್ನಿ. ಒಂದು ತಟ್ಟೆಗೆ ಎರಡೋ ಮೂರೋ ಸೇರಿಸಿ ಕೊಡುವುದರಿಂದ ಆ ಹೆಸರು. ಹೊಲದಲ್ಲಿ ಪಂಪ್‌ಸೆಟ್ ಬಂತು; ಮೋಟಾರು, ಪಂಪು ಸೇರಿ ಒಂದು ಸೆಟ್. ವಿದ್ಯುತ್ ಕಂಪನಿಗಳ ಕಡತದಲ್ಲಿ ಅದು ‘ಐಪಿ ಸೆಟ್’, ಅಂದರೆ ನೀರಾವರಿ ಪಂಪ್‌ಸೆಟ್. 10 ಎಚ್‌ಪಿ ತನಕ ಉಚಿತ ವಿದ್ಯುತ್ ಇರುವುದರಿಂದ ಪ್ರತಿ ಬಜೆಟ್‌ನಲ್ಲೂ ಈ ‘ಸೆಟ್’ ಸುದ್ದಿಯಾಗುತ್ತದೆ.

ಇವೆಲ್ಲ ವಸ್ತುಗಳು. ಕ್ರಿಯಾಪದವಾಗಿ ಬಂದದ್ದು ‘ಆಗು’, ‘ಮಾಡು’ಗಳ ಕೈ ಹಿಡಿದು. ಗಾರೆ ಮೇಸ್ತ್ರಿ ‘ಸೆಟ್ ಆಗ್ಲಿ, ಆಮೇಲೆ ನೀರು ಹಾಕಿ’ ಅನ್ನುತ್ತಾರೆ. ಇದು ಬಾಯಿಮಾತು ಮಾತ್ರವಲ್ಲ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದ ಒಳಗೆ ಪೂರ್ತಿ ಸೆಟ್ ಆಗಬೇಕು. ಸಿಮೆಂಟಿನ ಮುದ್ದೆಗೆ ಸೂಜಿ ಇಳಿಬಿಟ್ಟು ಅದನ್ನು ಅಳೆಯುತ್ತಾರೆ. ಕ್ರಿಕೆಟ್ ಕಾಮೆಂಟರಿಯಲ್ಲಿ ‘ಸೆಟ್ ಆದ ಬ್ಯಾಟ್ಸ್‌ಮನ್’ ಅಂದರೆ ಪಿಚ್ಚಿಗೆ ಕಣ್ಣು ಹೊಂದಿಸಿಕೊಂಡವನು. ಇಲ್ಲಿಯ ತನಕ ಇಂಗ್ಲಿಷಿನ ಜಾಡೇ.

ಆಮೇಲೆ ನಾವು ಜಾಡು ಬಿಟ್ಟೆವು. ‘ಈ ಕೆಲಸ ನಂಗೆ ಸೆಟ್ ಆಗಲ್ಲ’ ಅಂದರೆ ನನಗೆ ಒಗ್ಗುವುದಿಲ್ಲ. ‘ಅವರಿಬ್ಬರಿಗೂ ಸೆಟ್ ಆಗಿದೆ’ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ‘ಟಿಕೆಟ್ ಒಂದು ಸೆಟ್ ಮಾಡಿಕೊಡೋ’ ಅಂದರೆ ಹೇಗಾದರೂ ಹೊಂದಿಸು. ಈ ವಾಕ್ಯಗಳನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ ಲಂಡನ್ನಿನಲ್ಲಿ ಹೇಳಿದರೆ ಎದುರಿನವರು ಮುಖ ನೋಡುತ್ತಾರೆ. ಬ್ರಾಡ್ಲಿಯ ಚೀಟಿಗಳಲ್ಲಿ ಇವು ಇರಲು ಸಾಧ್ಯವೂ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಸಿನಿಮಾ ಪುಟದ ಪದ. ನಾಟಕದವರು ರಂಗದ ಮೇಲೆ ನಿಲ್ಲಿಸುವ ಮನೆ, ಮರ, ಗೋಡೆಗಳಿಗೆ ಇಂಗ್ಲಿಷಿನಲ್ಲಿ ‘ಸೆಟ್’ ಅನ್ನುತ್ತಾರೆ. ಅದು ಸಿನಿಮಾಕ್ಕೂ ಬಂತು. ಕನ್ನಡದ ಸಿನಿಮಾ ವರದಿಗಾರರು ಅದಕ್ಕೆ ‘ಏರು’ ಸೇರಿಸಿ ‘ಚಿತ್ರ ಸೆಟ್ಟೇರಿತು’ ಅಂದರು. ಗದ್ದುಗೆ ಏರಿದ ಹಾಗೆ, ಹಸೆಮಣೆ ಏರಿದ ಹಾಗೆ. ಈಗ ಬಹುಪಾಲು ಚಿತ್ರೀಕರಣ ರಸ್ತೆಯಲ್ಲಿ, ತೋಟದಲ್ಲಿ, ಬಾಡಿಗೆ ಮನೆಯಲ್ಲಿ ನಡೆಯುತ್ತದೆ. ಅಲ್ಲಿ ಏರಲು ಸೆಟ್ಟೇ ಇರುವುದಿಲ್ಲ. ಆದರೂ ಮುಹೂರ್ತ ಆದ ಮರುದಿನ ಪತ್ರಿಕೆ ನೋಡಿ, ಚಿತ್ರ ಸೆಟ್ಟೇರಿರುತ್ತದೆ.