ಲೂಟಿ, ಕೊಳ್ಳೆ, ಸುಲಿಗೆ

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಸ್ತೆ ಬದಿಯಲ್ಲಿ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬೆಲೆ ಕೇಳಿದ ಗಿರಾಕಿ, 'ಏನವ್ವಾ, ಹಿಂಗೆ ಲೂಟಿಗೆ ನಿಂತ್ಬುಟ್ರೆ ಹೆಂಗೆ?' ಎಂದ.

ಲೂಟಿ ಅನ್ನೋ ಮಾತಿಗೆ ಆ ಜಾಗವೇ ಸರಿ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಅವತ್ತು ರಾತ್ರಿ ಗೆದ್ದ ಇಂಗ್ಲಿಷರ ಸೈನಿಕರು ಮನೆಮನೆಗೂ ನುಗ್ಗಿ ದೋಚಿದರು. ಚಿನ್ನದ ಗಟ್ಟಿಗಳು ದಂಡಿನ ಬಜಾರಿನಲ್ಲಿ ಬಿಕರಿಗೆ ಬಂದವು. ಮರುದಿನ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿಸಿದ ಮೇಲೆ ಗಲಾಟೆ ತಣ್ಣಗಾಯಿತು. ಆಮೇಲೆ ನಡೆದದ್ದು ಲೆಕ್ಕ ಬರೆದು ಮಾಡಿದ ಲೂಟಿ! ಸಮಿತಿ ಕೂತು, ದರ್ಜೆ ನೋಡಿ ಪಾಲು ಹಾಕಿತು. ಪಾಲಿಗೋಸ್ಕರ ಸಿಂಹಾಸನವನ್ನೇ ಒಡೆದು ಚೂರು ಮಾಡಿದರು.

ಅವರು ಇದನ್ನು ಕರೆದದ್ದು 'ಪ್ರೈಜ್' ಎಂದು. ಬಹುಮಾನ ಅಂದುಕೊಳ್ಳಬೇಡಿ. ಈ ಪದದ ಬೇರು ಹಳೆಯ ಫ್ರೆಂಚಿನ 'ಪ್ರೀಜ್', ಅಂದರೆ ಹಿಡಿದುಕೊಂಡದ್ದು. ನಮ್ಮ 'ಕೊಳ್ಳೆ' ಕೂಡ ಹುಟ್ಟಿದ್ದು ಹೀಗೇ: ಕೊಳ್ಳು ಅಂದರೆ ತೆಗೆದುಕೊಳ್ಳು. ಅಂಗಡಿಯಲ್ಲಿ ಕೊಳ್ಳುವುದಕ್ಕೂ ಕೊಳ್ಳೆ ಹೊಡೆಯುವುದಕ್ಕೂ ಬೇರು ಒಂದೇ, ವ್ಯತ್ಯಾಸ ದುಡ್ಡು ಕೊಡುವುದರಲ್ಲಿ ಮಾತ್ರ.

'ಲೂಟಿ' ಉತ್ತರದಿಂದ ಬಂದ ನೆಂಟ. ಸಂಸ್ಕೃತದ ಲುಂಟ್ ಎಂಬ ಧಾತುವಿನಿಂದ ಹಿಂದಿ, ಮರಾಠಿಗಳಲ್ಲಿ 'ಲೂಟ್' ಆಯಿತು. ಒತ್ತಕ್ಷರ ಸಡಿಲವಾದಾಗ ಹಿಂದಿನ ಸ್ವರ ಉದ್ದವಾಗುವುದು ಅಲ್ಲಿನ ಭಾಷೆಗಳ ರೂಢಿ. ಸಪ್ತ ಮೊದಲು ಸತ್ತ ಆಗಿ, ಆಮೇಲೆ ಸಾತ್ ಆಯಿತಲ್ವಾ, ಹಾಗೆ. ನಮಗೆ ಪದದ ಕೊನೆಯಲ್ಲಿ ಸ್ವರ ಇಲ್ಲದಿದ್ದರೆ ನಾಲಿಗೆಗೆ ಸಮಾಧಾನವಿಲ್ಲ. ಬೆಂಚ್ ಬೆಂಚಿಯಾದಂತೆ ಲೂಟ್ ಲೂಟಿಯಾಯಿತು.

ಇಂಗ್ಲಿಷರು ಈ ಪದವನ್ನೂ ಬಿಡಲಿಲ್ಲ. 1788ರಲ್ಲೇ ಅದು ಅವರ ಬರಹದಲ್ಲಿ ಸಿಗುತ್ತದೆ. ಆದರೆ ಜನರ ಬಾಯಿಗೆ ಜಾಸ್ತಿ ಬಂದದ್ದು 19ನೇ ಶತಮಾನದಲ್ಲಿ, ಚೀನಾದ ಯುದ್ಧ, 1857ರ ದಂಗೆ ಇವೆಲ್ಲ ಆದ ಮೇಲೆ. ಅಂದರೆ ಪಟ್ಟಣ ಬಿದ್ದಾಗ ಕೆಲಸ ಜೋರಾಗಿತ್ತು, ಪದ ಇನ್ನೂ ಹೊಸದು.

ನನಗೆ ಇಷ್ಟವಾದದ್ದು ಮಾತ್ರ 'ಸುಲಿಗೆ'. ಸಿಪ್ಪೆ ತೆಗೆಯುವ ಸುಲಿ ಎಂಬ ಕ್ರಿಯೆಯಿಂದಲೇ ಆದದ್ದು. ಒಳಗಿನ ಕಾಳೆಲ್ಲ ಒಬ್ಬನಿಗೆ, ಸಿಪ್ಪೆ ಇನ್ನೊಬ್ಬನಿಗೆ. 'ಸೂರೆ'ಯ ಹಣೆಬರಹವೇ ಬೇರೆ. ಅದೂ ದೋಚುವುದೇ, ಆದರೂ ಹಾಡು ಚೆನ್ನಾಗಿದ್ದರೆ 'ಮನಸೂರೆಗೊಂಡಿತು' ಅಂತ ಹೊಗಳುತ್ತೇವೆ!

ಅಜ್ಜಿ ತಲೆ ಎತ್ತಲಿಲ್ಲ. ಇನ್ನೊಂದು ಕಾಯಿ ಬಿಡಿಸುತ್ತಾ, 'ಸುಲ್ದಿದ್ದಕ್ಕೆ ಕೂಲಿ ಬ್ಯಾಡ್ವಾ ಕಣಪ್ಪ?' ಎಂದರು. ಅವನು ಅರ್ಧ ಕೆಜಿ ಕೊಂಡ.